ಓಣಿಗೆ ಕೇಳಿದ ಅರ್ಧ ಮಾತು

ಹುಬ್ಬಳ್ಳಿ
5 ಜೂನ್ 2023

ಉಜ್ವಲಕ್ಕಾ,

ನಾನಿಲ್ಲಿ ಆರಾಮ. ನೀನು, ಮಾವ, ನಿಮ್ಮ ಮಗ್ಗ ಎಲ್ಲಾ ಆರಾಮ ಅಂತ ತಿಳಿದಿದ್ದೇನೆ.

ಒಂದು ಖುಷಿಯ ಸುದ್ದಿ. ಭಾನುವಾರದ ಪುರವಣಿಯಲ್ಲಿ ನನಗೇ ಅಂತ ಒಂದು ಅಂಕಣ ಕೊಟ್ಟಿದ್ದಾರೆ. ‘ದಂಡೆಯ ಮಂದಿ’ ಅಂತ ಹೆಸರಿಟ್ಟಿದ್ದೇನೆ. ನಿನ್ನೆ ಮೊದಲನೆಯದು ಬಂತು, ನೋಡಿದೆಯಾ? ಗಲಗಲಿಯಲ್ಲಿ ಹಿನ್ನೀರಿನ ಕಡೆ ಕೈ ಮಾಡಿ ‘ಅದು ಹುಲೆಪ್ಪನ ಹೊಲ’ ಅನ್ನುತ್ತಾರೆ, ಹೊಲ ಮುಳುಗಿ ಎಷ್ಟೋ ವರ್ಷವಾದರೂ ಆ ನೀರಿಗೆ ಇನ್ನೂ ಹೊಲದ ಹೆಸರೇ ಇದೆ ಅಂತ ಬರೆದದ್ದು. ಸಂಪಾದಕರು ಒಳಗೆ ಕರೆದು ಬೆನ್ನು ತಟ್ಟಿದರು. “ಸುದ್ದಿ ಬರಿಯೋರು ಬೇಕಾದಷ್ಟು ಮಂದಿ ಸಿಗ್ತಾರ್ರೀ. ಇಂಥಾ ಕಲ್ಪನಾ ನಿಮಗ ಎಲ್ಲಿಂದ ಬರ್ತದ?” ಅಂದರು. ನಾನು ನಕ್ಕೆ.

ಅಕ್ಕಾ, ನೀನು ಫೋನಿನಲ್ಲಿ ಮಾತಾಡುವುದಕ್ಕಿಂತ ಕಾಗದದಲ್ಲಿ ಚಂದ ಮಾತಾಡುತ್ತೀ. ಫೋನು ಮಾಡಬೇಡ, ಬರೆದು ಹಾಕು. ಅಮಾವಾಸ್ಯೆಗೆ ಮಗ್ಗ ಬಂದ್ ಇರುತ್ತದಲ್ಲ, ಆವತ್ತು ಕೂತು ಬರೆ. ಯಾರು ಏನಂದರು, ಹೇಗೆ ಅಂದರು, ಅನ್ನುವಾಗ ಅವರ ಕೈಯಲ್ಲಿ ಏನಿತ್ತು, ಇಷ್ಟು ಬರೆದರೆ ಸಾಕು. ನನಗೆ ಊರು ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ಆಫೀಸಿನ ಕುರ್ಚಿಯಲ್ಲಿ ಕೂತು ಕೂತು ಊರೇ ಮರೆತುಹೋಗುವ ಹಾಗಾಗಿದೆ.

ನಿನ್ನ ತಮ್ಮ
ಚಿದಾನಂದ

*

ರಬಕವಿ
18 ಜೂನ್ 2023, ಮಣ್ಣೆತ್ತಿನ ಅಮಾವಾಸ್ಯೆ

ನನ್ನ ಮುದ್ದು ಚಿದೂ,

ಇವತ್ತು ಮಗ್ಗ ಬಂದ್. ಓಣಿ ಎಷ್ಟು ತಣ್ಣಗಿದೆ ಅಂದರೆ ನಮ್ಮ ಕಿವಿಗೇ ಏನೋ ಆಗಿದೆ ಅನಿಸುತ್ತದೆ.

ಅಂಕಣ ಓದಿದೆ. ನಿಮ್ಮ ಮಾವ ಚಹಾದ ಅಂಗಡಿಯಲ್ಲಿ ನಾಲ್ಕು ಮಂದಿಗೆ ಓದಿಸಿ, “ನನ್ನ ಹೇಣ್ತಿ ತಮ್ಮ ರೀ” ಅಂತ ಮೀಸೆ ತಿರುವಿ ಬಂದರು. ಆದರೆ ಕಳ್ಳಾ, ಗಲಗಲಿಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದವಳು ನಾನು. ಹುಲೆಪ್ಪನ ಹೊಲ ತೋರಿಸಿದ್ದು ನನಗೆ. ನನ್ನ ಕಾಗದದ ಸಾಲನ್ನೇ ಎತ್ತಿ ಇಟ್ಟಿದ್ದೀಯಲ್ಲೋ! ಸಿಟ್ಟಿಲ್ಲ. ಖರೆ ಹೇಳಲಾ? ಒಮ್ಮೆ ಎಲ್ಲರ ಎದುರು ಓದಿದೆ, ಇನ್ನೊಮ್ಮೆ ಬಾಗಿಲು ಹಾಕಿಕೊಂಡು ಒಬ್ಬಳೇ ಓದಿದೆ. ನನ್ನ ಮಾತು ಅಚ್ಚಿನಲ್ಲಿ ಬಂದರೆ ಹೀಗೆ ಕಾಣುತ್ತದಾ ಅಂತ ಹೊಟ್ಟೆಯೊಳಗೆ ಹಿಗ್ಗು.

ಈಗ ಒಂದು ಸಂಗತಿ ಬರೆಯುತ್ತೇನೆ. ಇದು ನಿನ್ನ ನನ್ನ ನಡುವೆ ಇರಬೇಕು. ಎದೆಯಲ್ಲಿ ಇಟ್ಟುಕೊಂಡು ಭಾರ ಆಗಿದೆ, ನಿನ್ನನ್ನು ಬಿಟ್ಟರೆ ಇನ್ಯಾರಿಗೆ ಹೇಳಲಿ.

ಬಗಲಮನೆಯ ಸಾವಿತ್ರೆವ್ವ ನಿನಗೆ ಗೊತ್ತು. ನೀನು ಸೂಟಿಗೆ ಬಂದಾಗ ತನ್ನ ಎಮ್ಮೆಯ ಗಿಣ್ಣ ತಿನ್ನಿಸುತ್ತಿದ್ದವಳು. ಅವಳ ಮಗಳು ಸ್ನೇಹಾಳನ್ನು ಮುಧೋಳಕ್ಕೆ ಕೊಟ್ಟಿದ್ದರು. ಗಂಡ ರಾಜಕುಮಾರ ಕಬ್ಬಿನ ಲಾರಿ ಇಟ್ಟಿದ್ದಾನೆ, ಮಾತು ಕಡಿಮೆ, ಕೈ ಮುಂದೆ. ಯುಗಾದಿಗೆ ತವರಿಗೆ ಬಂದವಳು ತಿರುಗಿ ಹೋಗಿಲ್ಲ. ಸೊಲ್ಲಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದಾಳೆ ಅಂತ ಓಣಿಗೆಲ್ಲ ಹೇಳಿದ್ದರು. ಮುಧೋಳದವರು ಸೊಲ್ಲಾಪುರಕ್ಕೂ ಹೋಗಿ ಹುಡುಕಿ ಬಂದರಂತೆ.

ಪವರ್‌ಲೂಮ್ ಮನೆಗಳಲ್ಲಿ ಗುಟ್ಟು ಹೇಳುವ ರೀತಿ ನಿನಗೆ ನೆನಪಿರಬೇಕು. ಮಗ್ಗ ನಿಂತಾಗ ಯಾರೂ ಗುಟ್ಟು ಆಡುವುದಿಲ್ಲ, ಗೋಡೆಗೆ ಗೋಡೆ ಹತ್ತಿದೆ. ಎಲ್ಲಾ ಮಗ್ಗ ಹೊಡೆಯುತ್ತಿರುವಾಗ ಎದುರೆದುರು ಕೂತು, ತುಟಿ ನೋಡಿಕೊಂಡು, ಗಂಟಲು ಹರಿಯುವ ಹಾಗೆ ಕೂಗಿ ಹೇಳುವುದು. ಆ ಗದ್ದಲದಲ್ಲಿ ಮಗ್ಗುಲಿಗೆ ನಿಂತವರಿಗೂ ಕೇಳುವುದಿಲ್ಲ. ಹೋದ ಸೋಮವಾರ ನಾನು ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದೆ. ಸಾವಿತ್ರೆವ್ವ ಬಂದು ಎದುರಿಗೆ ಕೂತಳು. ಕೈಯಲ್ಲಿ ಏನಿತ್ತು ಅಂತ ಕೇಳುತ್ತೀಯಲ್ಲ, ಕಸಬರಿಗೆ ಇತ್ತು, ಕಸ ಹೊಡೆಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು.

“ಸೊಲ್ಲಾಪುರ ಅಲ್ಲಬೇ ಉಜ್ವಲಾ. ಜಮಖಂಡ್ಯಾಗ ಅದಾಳ. ಬಸ್‌ಸ್ಟ್ಯಾಂಡ್ ಹಿಂದ ಗುರುಬಾಯಿ ಅನ್ನಾಕಿದು ಬ್ಲೌಸ್ ಹೊಲಿಯೂ ಅಂಗಡಿ ಐತಿ, ಅಲ್ಲೇ ದುಡೀತಾಳ, ಅಲ್ಲೇ ಮಲಗ್ತಾಳ. ಆಕಿ ಬೆನ್ನ ಮ್ಯಾಲಿನ ಬಾಸುಂಡಿ ನೀ ನೋಡಿಲ್ಲ, ನಾ ನೋಡೇನಿ. ಅವ ಬಂದು ಕಾಲ ಹಿಡದ್ರೂ ನಾ ಇನ್ನ...”

ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗ ಒಂದೇ ಸಲಕ್ಕೆ ನಿಂತವು. ಸಾವಿತ್ರೆವ್ವನ ಬಾಯಿ ಮಾತ್ರ ನಿಲ್ಲಲಿಲ್ಲ.

“...ಆ ಮನಿಗೆ ಕಳಸಾಂಗಿಲ್ಲ ಅಂದ್ರ ಕಳಸಾಂಗಿಲ್ಲ! ಜೀವಾ ಹೋದ್ರೂ ಕಳಸಾಂಗಿಲ್ಲ!”

ಓಣಿಯ ಈ ತುದಿಯಿಂದ ಆ ತುದಿಗೆ ಕೇಳಿಸಿತು. ಎದುರುಮನೆಯ ಸಿದ್ದಕ್ಕ ಕಿಟಕಿಯಿಂದ ಮಾರಿ ಹಾಕಿ, “ಯಾರನ್ನಬೇ ಕಳಸಾಂಗಿಲ್ಲ?” ಅಂದಳು. ನನಗೆ ಎಲ್ಲಿಂದ ಹೊಳೆಯಿತೋ, “ಎಮ್ಮಿ ಸಿದ್ದಕ್ಕಾ, ಎಮ್ಮಿ! ಬೀಳಗಿ ಮಂದಿ ಕೇಳಾಕತ್ತಾರ, ಇಕಿ ಕೊಡಾಂಗಿಲ್ಲ ಅಂತಾಳ” ಅಂದುಬಿಟ್ಟೆ. ಸಿದ್ದಕ್ಕ ನಂಬಿ ಒಳಗೆ ಹೋದಳು. ಆಮೇಲೆ ನಾವಿಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಿದ್ದೇ ನಕ್ಕಿದ್ದು. ನಗುತ್ತಾ ನಗುತ್ತಾ ಅವಳು ಅತ್ತಳು.

ಈಗ ಆ ಹುಡುಗಿ ಇರುವ ಜಾಗ ಗೊತ್ತಿರುವುದು ಅವಳ ಅವ್ವ ಅಪ್ಪನಿಗೆ, ನನಗೆ, ನಿನಗೆ. ಅವನಿಗೆ ಗೊತ್ತಾದರೆ ಎಳೆದೊಯ್ಯುತ್ತಾನೆ. ಓದಿ ಹರಿದು ಹಾಕು.

ನಿನ್ನ ಅಕ್ಕ
ಉಜ್ವಲಾ

*

ಹುಬ್ಬಳ್ಳಿ
27 ಜೂನ್ 2023

ಉಜ್ವಲಕ್ಕಾ,

ನಿನ್ನ ಕಾಗದ ಓದಿ ಆಫೀಸಿನಲ್ಲೇ ಜೋರಾಗಿ ನಕ್ಕೆ, ಆಮೇಲೆ ಮೊದಲಿನಿಂದ ಇನ್ನೊಮ್ಮೆ ಓದಿದೆ. ಎಮ್ಮೆಯ ಮಾತು ಹೊಳೆದದ್ದಕ್ಕೆ ನಿನಗೊಂದು ದೊಡ್ಡ ನಮಸ್ಕಾರ.

ಸ್ನೇಹಾಳ ಚಿಂತೆ ನನಗೂ ಹತ್ತಿದೆ. ಆ ಗುರುಬಾಯಿಯ ಅಂಗಡಿ ಹೇಗಿದೆ? ನೀನೇ ಒಮ್ಮೆ ಹೋಗಿ ನೋಡಿ ಬರಬಾರದೇ? ಹುಡುಗಿ ಅಲ್ಲಿ ಏನು ಹೊಲಿಯುತ್ತಾಳೆ, ಎಲ್ಲಿ ಕೂರುತ್ತಾಳೆ, ಗಾಳಿ ಬೆಳಕು ಇದೆಯೋ ಇಲ್ಲವೋ. ಸುಮ್ಮನೆ ಕೇಳಿದೆ. ಕಣ್ಣಿಗೆ ಕಟ್ಟಿದರೆ ನನಗೂ ಸಮಾಧಾನ.

ಚಿದಾನಂದ

*

ರಬಕವಿ
8 ಜುಲೈ 2023

ಪ್ರೀತಿಯ ಚಿದೂ,

ನೀನು ಹೇಳಿದ್ದು ಛಲೋ ಆಯಿತು. ನಿನ್ನ ಮಾತು ಕೇಳಿಯೇ ನಾನು ಧೈರ್ಯ ಮಾಡಿ ಗುರುವಾರ ಜಮಖಂಡಿಗೆ ಹೋಗಿ ಬಂದೆ. ಮಾವನಿಗೆ ಕಣ್ಣಿನ ಡಾಕ್ಟರರ ಹತ್ತಿರ ಅಂತ ಹೇಳಿದ್ದೆ.

ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಕಲ್ಲಿನ ಮೆಟ್ಟಿಲು ಹತ್ತಬೇಕು. ಹಸಿರು ಬಾಗಿಲು. ಕೆಳಗೆ ಬಳೆ ಅಂಗಡಿ. ಒಳಗೆ ಒಂದೇ ಕಿಟಕಿ, ಅದರ ಬೆಳಕಿಗೆ ಬೆನ್ನು ಕೊಟ್ಟು ಸ್ನೇಹಾ ಕೂತಿದ್ದಳು, ಸೀರೆಗೆ ಫಾಲ್ ಹಚ್ಚುತ್ತಿದ್ದಳು. ನನ್ನನ್ನು ಕಂಡಿದ್ದೇ ಮೊದಲು ನನ್ನ ಹಿಂದೆ ಯಾರಾದರೂ ಬಂದಿದ್ದಾರಾ ಅಂತ ನೋಡಿದಳು. ಯಾರೂ ಇಲ್ಲ ಅಂದ ಮೇಲೆ ನಕ್ಕಳು. ಲಗ್ನವಾದ ಮೇಲೆ ಆ ಹುಡುಗಿ ನಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲು ಚಿದೂ.

ಸಾವಿತ್ರೆವ್ವ ಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ಗುರುಬಾಯಿ ಗಟ್ಟಿ ಹೆಣ್ಣುಮಗಳು. “ನಮ್ಮ ಮೆಟ್ಟಲಾ ಹತ್ತಿ ಬರೂ ಗಂಡಸ ಇನ್ನ ಹುಟ್ಟಿಲ್ಲಬೇ” ಅಂದಳು. ಸ್ನೇಹಾಳಿಗೆ ಕೈ ಚುರುಕು, ದೀಪಾವಳಿ ಹೊತ್ತಿಗೆ ಬ್ಲೌಸ್ ಕತ್ತರಿಸುವುದನ್ನೂ ಕಲಿಸುತ್ತಾಳಂತೆ. ಹೊರಡುವಾಗ ಸ್ನೇಹಾ, “ಚಿಗವ್ವಾ, ಚಿದಾನಂದ ಮಾಮಾ ಬರಿಯೂದು ನಾನೂ ಓದ್ತೇನಿ, ಕೆಳಗಿನ ಬಳಿ ಅಂಗಡ್ಯಾಗ ಪೇಪರ್ ಬರ್ತದ” ಅಂದಳು. ನೋಡು, ನಿನಗೆ ಎಲ್ಲೆಲ್ಲಿ ಓದುವವರಿದ್ದಾರೆ!

ನಿನ್ನ ಅಕ್ಕ
ಉಜ್ವಲಾ

*

ಹುಬ್ಬಳ್ಳಿ
24 ಜುಲೈ 2023

ಉಜ್ವಲಕ್ಕಾ,

ಹದಿನಾರನೆಯ ತಾರೀಕಿನ ಅಂಕಣ ಓದಿರಬೇಕು. ‘ಕರೆಂಟು ಹೋದ ಹೊತ್ತು’. ಇಷ್ಟು ದಿನ ಬರೆದದ್ದೆಲ್ಲ ಒಂದು ತೂಕ, ಇದೊಂದೇ ಒಂದು ತೂಕ. ಆಫೀಸಿನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿದೆ. ಸಂಪಾದಕರು ಮತ್ತೆ ಅದೇ ಕೇಳಿದರು: ಎಲ್ಲಿಂದ ಬರ್ತದ್ರೀ ನಿಮಗ ಇದೆಲ್ಲಾ?

ನೀನು ಹೆದರಬೇಡ. ಹೆಸರು ಬದಲಿಸಿದ್ದೇನೆ. ಅವ್ವನಿಗೆ ಹಣಮವ್ವ, ಮಗಳಿಗೆ ವೈಶಾಲಿ. ಊರುಗಳ ಹೆಸರನ್ನು ಮಾತ್ರ ಇದ್ದ ಹಾಗೇ ಇಟ್ಟೆ. ಊರು ಬದಲಿಸಿದರೆ ಓದುವವರಿಗೆ ನಂಬಿಕೆ ಬರುವುದಿಲ್ಲ. ಮೆಟ್ಟಿಲು, ಹಸಿರು ಬಾಗಿಲು, ಎಮ್ಮೆ, ಇವೇ ಆ ಬರಹದ ಜೀವ.

ಅಮಾವಾಸ್ಯೆ ಬಂದು ಹೋಯಿತು, ನಿನ್ನ ಕಾಗದ ಬರಲಿಲ್ಲ. ಶ್ರಾವಣದ ಸೀರೆ ಕೆಲಸ ಜೋರಿರಬೇಕು.

ಚಿದಾನಂದ

*

ಹುಬ್ಬಳ್ಳಿ
20 ಆಗಸ್ಟ್ 2023

ಉಜ್ವಲಕ್ಕಾ,

ಕಾಗದವೂ ಇಲ್ಲ, ಫೋನೂ ಎತ್ತುತ್ತಿಲ್ಲ. ಮಾವ ಎತ್ತಿದರು, “ಆಕಿ ಕೆಲಸದಾಗ ಅದಾಳ” ಅಂದು ಇಟ್ಟುಬಿಟ್ಟರು. ನಿನ್ನ ಹೆಸರು ಹಾಕಲಿಲ್ಲ ಅಂತ ಸಿಟ್ಟಾ? ಅಂಕಣದಲ್ಲಿ ಹಾಗೆಲ್ಲ ಹೆಸರು ಹಾಕುವ ರೂಢಿ ಇಲ್ಲ ಅಕ್ಕಾ. ಬೇಕಿದ್ದರೆ ಪುಸ್ತಕವಾದಾಗ ಅರ್ಪಣೆಯ ಪುಟದಲ್ಲಿ ನಿನ್ನ ಹೆಸರೇ ಹಾಕುತ್ತೇನೆ.

ಆ ಬರಹಕ್ಕೆ ಬಹುಮಾನ ಬಂದಿದೆ. ಪತ್ರಿಕೋದ್ಯಮ ಓದುವ ಹುಡುಗರಿಗೆ ಭಾಷಣ ಮಾಡಲು ಕರೆದಿದ್ದರು. ‘ಪತ್ರಕರ್ತನ ಕಲ್ಪನೆ ಎಲ್ಲಿಂದ ಬರುತ್ತದೆ’ ಅಂತ ವಿಷಯ. ನಮ್ಮ ನದಿಯಿಂದ ಬರುತ್ತದೆ, ಜನರ ಮೌನದಿಂದ ಬರುತ್ತದೆ, ಕಣ್ಣು ಮುಚ್ಚಿದರೆ ಊರೇ ಬಂದು ಎದುರು ನಿಲ್ಲುತ್ತದೆ ಅಂದೆ. ಹುಡುಗರು ಬರೆದುಕೊಂಡರು. ಭಾಷಣದ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ.

ಬರುವ ಭಾನುವಾರಕ್ಕೆ ಕೈಯಲ್ಲಿ ಏನೂ ಇಲ್ಲ. ನಾಗರ ಪಂಚಮಿ ಬಂತು, ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರಲ್ಲ. ಅದರ ಬಗ್ಗೆ ಏನಾದರೂ ಬರೆದು ಹಾಕು.

ಚಿದಾನಂದ

*

ರಬಕವಿ
10 ಸೆಪ್ಟೆಂಬರ್ 2023

ಚಿದಾನಂದ,

ಪಂಚಮಿಯ ಬಗ್ಗೆ ಕೇಳಿದ್ದೀ. ಬಗಲಮನೆಯ ಮಗಳೊಬ್ಬಳು ಬರಲಿಲ್ಲ. ಉಳಿದವರೆಲ್ಲ ಜೋಕಾಲಿ ಆಡಿದರು.

ನಿನ್ನ ಆ ಭಾನುವಾರ ಹೇಗಿತ್ತು ಅಂತ ಹೇಳುತ್ತೇನೆ, ಕೇಳು. ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಯಾರೋ ಗಟ್ಟಿಯಾಗಿ ಓದಿದರು. ನಿಮ್ಮ ಮಾವ ಮೀಸೆ ತಿರುವಲು ಹೋದವರು ತಲೆ ತಗ್ಗಿಸಿಕೊಂಡು ಬಂದರು. ಅವರಿಗೆ ಇದು ಗೊತ್ತೇ ಇರಲಿಲ್ಲ. ನಾನು ಕಣ್ಣಿನ ಡಾಕ್ಟರರ ಹತ್ತಿರ ಹೋಗಿರಲಿಲ್ಲ ಅಂತ ಅವರಿಗೆ ನಿನ್ನ ಪತ್ರಿಕೆಯಿಂದ ತಿಳಿಯಿತು. ಮಧ್ಯಾಹ್ನದೊಳಗೆ ಇಡೀ ಓಣಿ ಓದಿತ್ತು. ಹೆಸರು ಬದಲಿಸಿದ್ದೀಯಂತೆ! ಕರೆಂಟು ಹೋದಾಗ ಆ ಅರ್ಧ ಮಾತನ್ನು ಓಣಿಯೆಲ್ಲ ಕಿವಿಯಾರೆ ಕೇಳಿತ್ತಲ್ಲೋ. ಅವರಿಗೆ ಗೊತ್ತಿರದಿದ್ದುದು ಮೊದಲಿನ ಅರ್ಧ. ಅದನ್ನು ನೀನು ಮನೆಮನೆಗೆ ಮುಟ್ಟಿಸಿದೆ. ಸಿದ್ದಕ್ಕ ನಮ್ಮ ಹೊಸ್ತಿಲಲ್ಲಿ ನಿಂತು, “ಏನಬೇ, ಅದು ಮುಧೋಳಕ್ಕ ಲಗ್ನಾ ಮಾಡಿ ಕೊಟ್ಟಿದ್ದ ಎಮ್ಮಿ ಏನ?” ಅಂದಳು.

ನಾನು ಆಗಲೇ ಜಮಖಂಡಿಗೆ ಓಡಬೇಕಿತ್ತು. ಸಾವಿತ್ರೆವ್ವನ ಮುಖ ನೋಡಲು ಹೆದರಿ ಒಳಗೆ ಕೂತೆ. ನನ್ನ ತಮ್ಮ ಹೀಗೆ ಮಾಡಿರಲಿಕ್ಕಿಲ್ಲ, ಇದು ಬೇರೆ ಯಾರದೋ ಕಥೆ ಇರಬೇಕು ಅಂತ ಮತ್ತೆ ಮತ್ತೆ ಓದಿದೆ. ಒಂದೊಂದು ಸಾಲೂ ನನ್ನದು.

ಮಂಗಳವಾರ ಅವನು ಹೋದ. ರಾಜಕುಮಾರ, ಅವನ ಕಾಕಾ, ಇನ್ನಿಬ್ಬರು. ಗುರುಬಾಯಿ ಆಮೇಲೆ ನನಗೆ ಹೇಳಿದಳು, “ಮಂದೀನ ಕೇಳಲಿಲ್ಲಬೇ ಅವರು, ಹಸರ ಬಾಗಲಾ ನೋಡಿಕೋತ ನೆಟ್ಟಗ ಬಂದ್ರು” ಅಂತ. ಗುರುಬಾಯಿ ಕೆಳಗೆ ಗುಂಡಿ ತರಲು ಹೋಗಿದ್ದಳಂತೆ. ನೀನು ಯಾವಾಗಲೂ ಕೇಳುತ್ತೀಯಲ್ಲ, ಕೈಯಲ್ಲಿ ಏನಿತ್ತು ಅಂತ? ಅವನ ಕೈಯಲ್ಲಿ ನಿನ್ನ ಪತ್ರಿಕೆ ಮಡಿಚಿ ಇತ್ತು. ಸ್ನೇಹಾಳ ಕೈಯಲ್ಲಿ ಬಾಗಿಲಿನ ಚೌಕಟ್ಟು ಇತ್ತು. ಬರುವುದಿಲ್ಲ ಅಂತ ಹಿಡಿದುಕೊಂಡಿದ್ದಳು. ಅವನು ಬಾಗಿಲು ಜಗ್ಗಿ ಹಾಕಿದ. ಬಲಗೈಯ ಬೆರಳು ಮುರಿದಿವೆ. ಫಾಲ್ ಹಚ್ಚುವ ಕೈ ಅದು. ನೋಡು, ನೀನು ಬಣ್ಣ ಬರೆದ ಬಾಗಿಲು ಎಂಥಾ ಕೆಲಸಕ್ಕೆ ಬಂತು.

ಹಿರಿಯರು ಸೇರಿ ಗಂಡ ಹೆಂಡತಿಯ ಜಗಳ ಅಂದು ಮುಧೋಳಕ್ಕೆ ಕಳಿಸಿಕೊಟ್ಟರು. ಪೊಲೀಸರಿಗೆ ಹೇಳೋಣ ಅಂತ ನಾನು ಹೋಗಿ ಕೈ ಮುಗಿದೆ. ಅವಳಪ್ಪ ಗೂಳಪ್ಪ, “ಇನ್ನ ಎಷ್ಟ ಮಂದಿ ಓದಬೇಕವಾ ನಮ್ಮ ಮನಿ ಸುದ್ದಿ?” ಅಂದ. ನಾನು ತಿರುಗಿ ಬಂದೆ.

ಸಾವಿತ್ರೆವ್ವ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಈಗ ನಾನು ಕಂಡಿಕೆ ಸುತ್ತಲು ಕೂತರೆ ಯಾರೂ ಎದುರಿಗೆ ಬಂದು ಕೂರುವುದಿಲ್ಲ. ಮಗ್ಗ ಹೊಡೆಯುವಾಗ ಹೆಂಗಸರು ಮಾತಾಡುತ್ತಿರುತ್ತಾರೆ, ನಾನು ಹಾದು ಹೋದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ, ನಾನು ತುಟಿ ಓದಬಾರದು ಅಂತ. ಇಡೀ ಓಣಿಯಲ್ಲಿ ನಾನೊಬ್ಬಳು ಕಿವುಡಿ ಆಗಿದ್ದೇನೆ.

ನಿನ್ನ ಭಾಷಣ ಓದಿದೆ. ನದಿಯಿಂದ ಬರುತ್ತದಂತೆ! ನದಿ ನಿನಗೆ ಅಂಚೆ ಚೀಟಿ ಹಚ್ಚಿ ಕಾಗದ ಹಾಕಿತ್ತೇನು? ಹರಿದು ಹಾಕು ಅಂದಿದ್ದೆನಲ್ಲೋ ಪಾಪೀ.

ಉಜ್ವಲಾ

*

ಹುಬ್ಬಳ್ಳಿ
2 ಅಕ್ಟೋಬರ್ 2023

ಅಕ್ಕಾ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಆದರೂ ಕೆಲವು ಮಾತು ಹೇಳಲೇಬೇಕು.

ಕೈ ಮುರಿದವನು ರಾಜಕುಮಾರ, ನಾನಲ್ಲ. ಕಳಿಸಿಕೊಟ್ಟವರು ಹಿರಿಯರು, ನಾನಲ್ಲ. ನಾನು ಆ ಹುಡುಗಿಯ ಪರವಾಗಿ ಬರೆದೆ. ಆ ಬರಹ ಓದಿ ಎಷ್ಟೋ ಹೆಣ್ಣುಮಕ್ಕಳು ನನಗೆ ಪತ್ರ ಬರೆದಿದ್ದಾರೆ, ಧೈರ್ಯ ಬಂತು ಅಂದಿದ್ದಾರೆ. ಅದನ್ನೂ ಲೆಕ್ಕಕ್ಕೆ ಹಿಡಿ. ನೀನು ಒಂದೇ ಓಣಿ ನೋಡುತ್ತೀ, ನಾನು ರಾಜ್ಯವನ್ನೇ ನೋಡಬೇಕಾಗುತ್ತದೆ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಗುಟ್ಟು ಅಂತ ಗೊತ್ತಿದ್ದೂ ಬರೆದವಳು ನೀನಲ್ಲವೇ? ಓದಿದರೆ ನನ್ನ ಕೈ ಸುಮ್ಮನಿರುವುದಿಲ್ಲ ಅಂತ ನಿನಗೆ ಗಲಗಲಿಯ ಬರಹದಲ್ಲೇ ಗೊತ್ತಾಗಿತ್ತು.

ಇದನ್ನು ಸರಿ ಮಾಡುವುದಕ್ಕೆ ಒಂದು ದಾರಿ ಇದೆ. ಇನ್ನೊಂದು ಬರಹ ಬರೆಯುತ್ತೇನೆ, ಮುಧೋಳದವರ ಮುಖವಾಡ ಕಳಚುವ ಹಾಗೆ. ಬಾಗಿಲು ಹಿಡಿದುಕೊಂಡಾಗ ಸ್ನೇಹಾ ಏನಂದಳು? ಗುರುಬಾಯಿಯನ್ನು ಕೇಳಿ ಬರೆದು ಹಾಕು. ಅವಳ ಮಾತಿನಲ್ಲೇ ಬೇಕು.

ನಾನೇ ಬರುತ್ತಿದ್ದೆ, ರಜೆ ಇಲ್ಲ.

ಚಿದಾನಂದ

*

ರಬಕವಿ
11 ಜನವರಿ 2024

ಚಿದಾನಂದ ಅವರಿಗೆ,

ಮಾವನಿಗೆ ಫೋನು ಮಾಡಿ ಮಾಡಿ ಕೇಳುತ್ತಿದ್ದೀರಂತೆ, ಅದಕ್ಕೆ ಬರೆಯುತ್ತಿದ್ದೇನೆ.

ಸ್ನೇಹಾ ಮುಧೋಳದಿಂದ ಮತ್ತೆ ಹೊರಬಿದ್ದಿದ್ದಾಳೆ. ಎಲ್ಲಿದ್ದಾಳೆ ಅಂತ ನನಗೆ ಗೊತ್ತಿಲ್ಲ. ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ನನಗೆ ಗೊತ್ತಿಲ್ಲದಿರುವುದರಿಂದಲೇ ಅವಳು ಇನ್ನೂ ಅಲ್ಲಿದ್ದಾಳೆ. ಬಾಗಿಲು ಹಿಡಿದುಕೊಂಡು ಅವಳು ಏನಂದಳು ಅನ್ನುವುದು ನನಗೆ ಗೊತ್ತು. ಗುರುಬಾಯಿ ಹೇಳಿದ್ದಾಳೆ. ಅದು ನನ್ನ ಜೊತೆಗೇ ಸುಡುಗಾಡಿಗೆ ಹೋಗುತ್ತದೆ.

ಇನ್ನು ಫೋನು ಬೇಡ.

ಉಜ್ವಲಾ

*

ಹುಬ್ಬಳ್ಳಿ
26 ಫೆಬ್ರವರಿ 2024

ನನ್ನ ಅಕ್ಕಾ,

ನೀನು ‘ಅವರಿಗೆ’ ಅಂತ ಬರೆದದ್ದನ್ನು ನಾನು ಎಷ್ಟು ಸಲ ಓದಿದೆ ಗೊತ್ತಾ. ಹೋದ ಕಾಗದದಲ್ಲಿ ಬರೆಯಬಾರದ ಮಾತು ಬರೆದೆ. ನೀನು ಗುಟ್ಟು ಬರೆದದ್ದು ತಮ್ಮನಿಗೆ, ಪತ್ರಕರ್ತನಿಗೆ ಅಲ್ಲ. ಇದು ನನಗೆ ತಿಳಿಯಲು ಇಷ್ಟು ದಿನ ಬೇಕಾಯಿತು.

ನಿನ್ನೆಯ ಅಂಕಣವನ್ನು ಕತ್ತರಿಸಿ ಇದರಲ್ಲಿ ಇಟ್ಟಿದ್ದೇನೆ. ಇದರಲ್ಲಿ ನಿನ್ನ ಒಂದು ಸಾಲೂ ಇಲ್ಲ. ಯಾರ ಕಾಗದವನ್ನೂ ನೋಡದೆ, ಯಾರನ್ನೂ ಕೇಳದೆ, ಮೊದಲ ಸಲ ಪೂರ್ತಿ ನನ್ನ ಕಲ್ಪನೆಯಿಂದ ಬರೆದದ್ದು. ಹಣಮವ್ವ ಒಂದು ದಿನ ಎದ್ದು ಬಂದು, ಗುಟ್ಟು ಬಿಟ್ಟುಕೊಟ್ಟ ನೆರೆಯವಳ ಎದುರು ಕೂರುತ್ತಾಳೆ, ಮಗ್ಗದ ಗದ್ದಲದಲ್ಲಿ ಅವಳನ್ನು ಅಪ್ಪಿಕೊಂಡು ‘ನಿನ್ನದೇನೂ ತಪ್ಪಿಲ್ಲ ತಾಯಿ’ ಅನ್ನುತ್ತಾಳೆ. ನನ್ನಿಂದ ನಿನಗಾದ ಗಾಯಕ್ಕೆ ಇಷ್ಟಾದರೂ ಮದ್ದು ಆಗಲಿ ಅಂತ ಬರೆದೆ. ಓದಿದವರು ಅತ್ತಿದ್ದಾರೆ.

ನಿನಗೆ ಸ್ವಲ್ಪವಾದರೂ ಹಗುರ ಆಯಿತಾ? ಒಂದೇ ಸಾಲು ಬರೆ.

ನಿನ್ನ ಚಿದೂ

*

ರಬಕವಿ
10 ಮಾರ್ಚ್ 2024, ಶಿವರಾತ್ರಿ ಅಮಾವಾಸ್ಯೆ

ಚಿದಾನಂದ,

ಒಂದೇ ಸಾಲು ಬರೆ ಅಂದಿದ್ದೀ. ಒಂದು ಸಾಲಿನಲ್ಲಿ ಮುಗಿಯುವ ಕೆಲಸ ನೀನು ಮಾಡಿಲ್ಲ.

ಹೋದ ತಿಂಗಳು ಸಾವಿತ್ರೆವ್ವನ ಎಮ್ಮೆ ಈಯಿತು. ಎರಡನೆಯ ದಿನ ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದರೆ ನಮ್ಮಿಬ್ಬರ ಮನೆಯ ನಡುವಿನ ಗೋಡೆಯ ಮೇಲೆ ಒಂದು ಬಟ್ಟಲು ಗಿಣ್ಣ. ಕರೆದಿರಲಿಲ್ಲ. ಬಟ್ಟಲು ಇಟ್ಟು ಹೋಗಿದ್ದಳು. ನಾನು ಹಿತ್ತಲಲ್ಲೇ ನಿಂತು ಅಳುತ್ತಾ ತಿಂದೆ. ಅದಕ್ಕೆ ಸಕ್ಕರೆ ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ನನಗೆ ತಿಳಿಯಲಿಲ್ಲ. ಬಟ್ಟಲು ತೊಳೆದೆ. ಖಾಲಿ ಬಟ್ಟಲು ತಿರುಗಿ ಕೊಡಬಾರದಲ್ಲ, ಒಂದು ಹಿಡಿ ಸಕ್ಕರೆ ಹಾಕಿ ಅದೇ ಗೋಡೆಯ ಮೇಲೆ ಇಟ್ಟೆ. ನಾಳೆ ತೆಗೆದುಕೊಳ್ಳುತ್ತಾಳೆ, ನಾಡಿದ್ದು ಒಂದು ಮಾತು ಆಡುತ್ತಾಳೆ, ಹೀಗೇ ಒಂದೊಂದೇ ಎಳೆ ಕೂಡುತ್ತದೆ ಅಂತ ಅಂದುಕೊಂಡೆ. ಅದು ಶನಿವಾರ. ಮರುದಿನ ನಿನ್ನ ಭಾನುವಾರ ಬಂತು.

ಬಟ್ಟಲು ಅಲ್ಲೇ ಉಳಿಯಿತು. ಸಕ್ಕರೆಗೆ ಇರುವೆ ಹತ್ತಿದವು. ಓಣಿಯಲ್ಲಿ ಮಂದಿ ನನ್ನನ್ನು ನೋಡಿ, “ಕೂಡಿದ್ರಂತ? ಪೇಪರ್‌ನ್ಯಾಗ ಬಂದೈತಿ” ಅನ್ನತೊಡಗಿದರು. ಅವಳನ್ನೂ ಕೇಳಿದರು.

ನಾಲ್ಕನೆಯ ದಿನ ಅವಳೇ ಬಂದಳು. ಮಗ್ಗ ಹೊಡೆಯುತ್ತಿದ್ದವು. ನಾನು ಕಂಡಿಕೆ ಬಿಟ್ಟು ಎದ್ದು ನಿಂತೆ. ಕೂರು ಅಂತ ಕೈ ಮಾಡಿ ತಾನೂ ಎದುರಿಗೆ ಕೂತಳು. ಅಷ್ಟು ತಿಂಗಳ ಮೇಲೆ ಮೊದಲ ಸಲ ಬಾಯಿಯ ಮೇಲಿನ ಸೆರಗು ತೆಗೆದಳು. ತುಟಿ ಒಡೆದಿದ್ದವು. ಪತ್ರಿಕೆ ನನ್ನ ಮುಂದೆ ಹಿಡಿದು, “ಇದ್ರಾಗ ನಾ ನಿನ್ನ ಅಪ್ಪಿಕೊಂಡೇನಂತ. ಯಾವಾಗ ಅಪ್ಪಿಕೊಂಡೆನಬೇ? ನಿನ್ನದೇನೂ ತಪ್ಪಿಲ್ಲ ಅಂದೇನಂತ. ಯಾವಾಗ ಅಂದೆ?” ಅಂತ ಕೂಗಿದಳು.

ನಾನು ಏನು ಹೇಳಲಿ? ನನ್ನ ತಮ್ಮ ನಿನ್ನ ಮಗಳ ಜಾಗ ಕದ್ದ, ಈಗ ನಿನ್ನ ಬಾಯಿಯನ್ನೂ ಕದ್ದ ಅನ್ನಲೇ? ಚಿದಾನಂದ, ಅವಳು ಬರುತ್ತಿದ್ದಳೋ. ಬಟ್ಟಲಿನ ದಾರಿ ಹಿಡಿದು, ತನ್ನ ಕಾಲಿನಿಂದ, ತನಗೆ ಬೇಕಾದಾಗ ಬರುತ್ತಿದ್ದಳು. ನೀನು ಅವಳಿಗಿಂತ ಮೊದಲೇ ಹೋಗಿ ಅವಳ ಹೆಸರಿನಲ್ಲಿ ನನ್ನನ್ನು ಅಪ್ಪಿಕೊಂಡು ಬಂದೆ. ಇನ್ನು ಅವಳು ಖರೆನೇ ಅಪ್ಪಿಕೊಂಡರೂ ಮಂದಿ ಅದನ್ನು ಪತ್ರಿಕೆಯಲ್ಲಿ ಓದಿದ್ದೇವೆ ಅನ್ನುತ್ತಾರೆ. ನನ್ನ ಕಾಗದ ಕದ್ದು ಬರೆದಾಗ ಒಂದು ಹುಡುಗಿಯ ಕೈ ಹೋಯಿತು. ಏನೂ ಕದಿಯದೆ, ನಿನ್ನ ಸ್ವಂತ ಕಲ್ಪನೆಯಿಂದ ಬರೆದಾಗ ನನಗಿದ್ದ ಒಂದೇ ದಾರಿ ಹೋಯಿತು. ಯಾವುದು ಹೆಚ್ಚು ಕೆಟ್ಟದ್ದು ಅಂತ ಆ ಹುಡುಗರಿಗೆ ಭಾಷಣ ಮಾಡುವಾಗ ಹೇಳು.

ಸಾವಿತ್ರೆವ್ವ ಪತ್ರಿಕೆಯನ್ನು ಕೆಳಗಿಟ್ಟಳು. ನನ್ನ ಎರಡೂ ಮೊಣಕಾಲು ಹಿಡಿದು, ಮುಖಕ್ಕೆ ಮುಖ ಕೊಟ್ಟು ಮಾತಾಡತೊಡಗಿದಳು. ಮಗ್ಗದ ಗದ್ದಲದಲ್ಲಿ ಗಂಟಲು ಹರಿಯುವ ಹಾಗೆ, ಬಹಳ ಹೊತ್ತು. ನಾನು ಅವಳ ತುಟಿಯಿಂದ ಕಣ್ಣು ಕೀಳಲಿಲ್ಲ. ಒಂದು ಮಾತನ್ನೂ ಬಿಡದೆ ಕೇಳಿದೆ. ಆಗ ಕರೆಂಟು ಹೋಯಿತು.

“...ನಾ ಅವ್ವ ಅದೇನಬೇ, ಹ್ಯಾಂಗ ಮರೀಲಿ!”

ಓಣಿಗೆಲ್ಲ ಕೇಳಿತು. ಸಿದ್ದಕ್ಕನ ಕಿಟಕಿ ತೆರೆಯಿತು. “ಏನಂದ್ಲಬೇ?” ಅಂದಳು. ಸಾವಿತ್ರೆವ್ವ ಎದ್ದು ಹೋದಳು. ನಾನು ನನ್ನ ಸೆರಗು ಎಳೆದು ನನ್ನ ಬಾಯಿ ಮುಚ್ಚಿಕೊಂಡೆ.

ಓಣಿಗೆ ಗೊತ್ತಿರುವುದು ಅಷ್ಟೇ, ಈಗ ನಿನಗೂ ಅಷ್ಟೇ. ಮೊದಲು ಅವಳು ಏನಂದಳು, ಕ್ಷಮಿಸಿದೆ ಅಂದಳೋ, ಸತ್ತರೂ ಕ್ಷಮಿಸುವುದಿಲ್ಲ ಅಂದಳೋ, ಮಗಳು ಎಲ್ಲಿದ್ದಾಳೆ ಅಂತ ಹೇಳಿದಳೋ, ಅದು ನನಗೊಬ್ಬಳಿಗೇ ಗೊತ್ತು. ಬರೆಯುವುದಿಲ್ಲ. ಇನ್ನು ಮೇಲೆ ನಿನಗೆ ಏನನ್ನೂ ಬರೆಯುವುದಿಲ್ಲ.

ಇವತ್ತು ಮತ್ತೆ ಭಾನುವಾರ. ನೀನು ಇನ್ನೊಂದು ವಾರಕ್ಕೆ ಹುಡುಕುತ್ತಿರಬೇಕು. ಕುರ್ಚಿ ಇದೆ, ನದಿ ಇದೆ, ಕಣ್ಣು ಮುಚ್ಚಿಕೊಂಡು ಬರೆ.

ಉಜ್ವಲಾ